ನೊಣದ ಮೂರ್ಛೆ, ನರತಂತುವಿನ ತೂಬು
(ಉಪನ್ಯಾಸದ ಬರಹರೂಪ)



ಕತ್ತಲಲ್ಲಿ ತೋಟದ ದಾರಿ ಹಿಡಿದು ಬರುವವನ ಕಾಲ್ಬೆರಳು ಕಲ್ಲಿಗೆ ಎಡವಿತು ಎಂದುಕೊಳ್ಳೋಣ. ಮೊದಲು ಸೂಜಿ ಚುಚ್ಚಿದಂಥ ತೀಕ್ಷ್ಣ ನೋವು. ಅವನು 'ಅಯ್ಯೋ' ಎಂದು ಕಾಲನ್ನು ಹಿಂದಕ್ಕೆ ಎಳೆದುಕೊಂಡು ಒಂದು ಕ್ಷಣ ಕಳೆದ ಮೇಲೆ ಇನ್ನೊಂದು ನೋವು ಮೆಲ್ಲನೆ ಏರಿ ಬರುತ್ತದೆ. ಅದು ಮಂದವಾದದ್ದು, ಉರಿಯುವಂಥದ್ದು, ಬಹಳ ಹೊತ್ತು ನಿಲ್ಲುವಂಥದ್ದು. ಎಡವಿದ್ದು ಒಂದೇ ಸಲ, ನೋವು ಮಾತ್ರ ಎರಡು ಕಂತಿನಲ್ಲಿ ಬಂದಿತು. ಕಾಲ್ಬೆರಳಿನಿಂದ ಸುದ್ದಿಯನ್ನು ಒಯ್ಯುವ ನರತಂತುಗಳಲ್ಲಿ ಎರಡು ಬಗೆಗಳಿರುವುದೇ ಇದಕ್ಕೆ ಕಾರಣ. ಕೊಬ್ಬಿನ ಹೊದಿಕೆಯುಳ್ಳ ತಂತುಗಳು ಸುದ್ದಿಯನ್ನು ಬೇಗ ಮುಟ್ಟಿಸುತ್ತವೆ. ಹೊದಿಕೆಯಿಲ್ಲದ ಸಣ್ಣ ತಂತುಗಳಲ್ಲಿ ಸುದ್ದಿ ಸೆಕೆಂಡಿಗೆ ಸುಮಾರು ಒಂದು ಮೀಟರಿನಷ್ಟು ದೂರವನ್ನು ಮಾತ್ರ ಕ್ರಮಿಸುತ್ತದೆ.

ಈ ತಂತುಗಳಲ್ಲಿ ಹರಿಯುವುದೇನು? ಅದು ಹೇಗೆ ಹರಿಯುತ್ತದೆ? ಇದನ್ನು ಅರಿಯಲು ಒಂದು ಚಿಕ್ಕ ನೊಣದ ಮೂರ್ಛೆಯನ್ನು ಅಭ್ಯಾಸ ಮಾಡಿದ ವಿಜ್ಞಾನಿಯೊಬ್ಬರು ತಮ್ಮ ಬಾಳಿನ ಕೊನೆಯ ಎರಡು ದಶಕಗಳನ್ನು ಬೆಂಗಳೂರಿನಲ್ಲಿ ಕಳೆದರು. ಅವರು ಒಬೈದ್ ಸಿದ್ದಿಕಿ. ಅವರ ಅಧ್ಯಯನಕ್ಕೂ ಅಡಿಕೆ, ಕಾಫಿ, ಭತ್ತ ಬೆಳೆಯುವ ನಮ್ಮ ಬದುಕಿಗೂ ಬಹಳ ಹತ್ತಿರದ ಸಂಬಂಧವಿದೆ. ಅಂಗಡಿಯಿಂದ ತಂದು ಹೊಲಕ್ಕೆ ಹೊಡೆಯುವ ಕೀಟನಾಶಕಗಳಲ್ಲಿ ಹೆಚ್ಚಿನವು ಕೆಲಸ ಮಾಡುವುದು ನರದ ಮೇಲೆಯೇ. ಆದ್ದರಿಂದ ಮೊದಲು ನರವನ್ನು, ಆಮೇಲೆ ಆ ವಿಜ್ಞಾನಿಯನ್ನು, ಕೊನೆಗೆ ನಮ್ಮ ಹೊಲವನ್ನು ನೋಡೋಣ.

ಬದು, ತೂಬು ಮತ್ತು ಬೇಣದ ಬೆಂಕಿ

ನರವೆಂದರೆ ವಿದ್ಯುತ್ ತಂತಿಯಂಥದ್ದು ಎಂದು ಶಾಲೆಯಲ್ಲಿ ಹೇಳುವುದುಂಟು. ಈ ಹೋಲಿಕೆ ಅರ್ಧ ಮಾತ್ರ ಸರಿ. 18ನೆಯ ಶತಮಾನದ ಕೊನೆಯಲ್ಲಿ ಇಟಲಿಯ ಗಾಲ್ವಾನಿ, ಸತ್ತ ಕಪ್ಪೆಯ ಕಾಲು ವಿದ್ಯುತ್ ತಗುಲಿದಾಗ ಅದುರುವುದನ್ನು ಕಂಡು, ನರಕ್ಕೂ ವಿದ್ಯುತ್ತಿಗೂ ನಂಟಿದೆ ಎಂದು ತೋರಿಸಿದನು. ಆದರೆ 1850ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸಂದೇಶದ ವೇಗವನ್ನು ಅಳೆದಾಗ ಅದು ಸೆಕೆಂಡಿಗೆ ಕೆಲವೇ ಹತ್ತು ಮೀಟರುಗಳಷ್ಟಿತ್ತು. ತಾಮ್ರದ ತಂತಿಯಲ್ಲಿ ಸಂಕೇತ ಸಾಗುವ ವೇಗದ ಮುಂದೆ ಇದು ಆಮೆಯ ನಡಿಗೆ. ಹಾಗಾದರೆ ನರದಲ್ಲಿ ನಡೆಯುವುದು ಬೇರೇನೋ ಇರಬೇಕು.

ಉತ್ತರ ದೊರೆತದ್ದು ಸಮುದ್ರದಿಂದ. ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್ ಪ್ರಾಣಿಯಲ್ಲಿ ಬರಿಗಣ್ಣಿಗೆ ಕಾಣುವಷ್ಟು ದಪ್ಪನೆಯ ನರತಂತುವಿದೆ. ಇಂಗ್ಲೆಂಡಿನ ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರೂ ಹಕ್ಸ್‌ಲಿ ಅದರೊಳಕ್ಕೆ ಸೂಕ್ಷ್ಮವಾದ ವಿದ್ಯುದಗ್ರವನ್ನು ತೂರಿಸಿ ಒಳಗಿನ ಮತ್ತು ಹೊರಗಿನ ವಿದ್ಯುತ್ ವ್ಯತ್ಯಾಸವನ್ನು ಅಳೆದರು. 1952ರಲ್ಲಿ ಅವರು ಪ್ರಕಟಿಸಿದ ಲೇಖನಗಳು ನರತಂತುವಿನ ಕೆಲಸವನ್ನು ಲೆಕ್ಕದ ಸಮೇತ ವಿವರಿಸಿದವು. 1963ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಸಂದಿತು.

ಅವರು ಕಂಡದ್ದನ್ನು ನಮ್ಮ ಗದ್ದೆಯ ಮಾತಿನಲ್ಲಿ ಹೀಗೆ ಹೇಳಬಹುದು. ನರತಂತುವಿನ ಪೊರೆ ಒಂದು ಬದುವಿನಂತೆ. ಬದುವಿನ ಹೊರಗೆ ಸೋಡಿಯಂ ಹೆಚ್ಚು. ಇದು ನಮ್ಮ ಅಡುಗೆಯ ಉಪ್ಪಿನಲ್ಲಿರುವ ಸೋಡಿಯಮ್ಮೇ. ಒಳಗೆ ಪೊಟ್ಯಾಸಿಯಂ ಹೆಚ್ಚು. ಈ ಏರುಪೇರಿನಿಂದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್‌ಗಳಷ್ಟು ಋಣವಾಗಿರುತ್ತದೆ. ಬದುವಿನಲ್ಲಿ ಅಸಂಖ್ಯ ಸಣ್ಣ ತೂಬುಗಳಿವೆ. ಪ್ರಚೋದನೆ ತಗುಲಿದೊಡನೆ ಆ ಸ್ಥಳದ ಸೋಡಿಯಂ ತೂಬುಗಳು ತೆರೆದು ಸೋಡಿಯಂ ಒಳನುಗ್ಗುತ್ತದೆ. ಅಲ್ಲಿಯ ವಿದ್ಯುತ್ ಸ್ಥಿತಿ ತಲೆಕೆಳಗಾಗುತ್ತದೆ. ಸುಮಾರು ಒಂದು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಕಾಲದಲ್ಲಿ ಆ ತೂಬು ತಾನಾಗಿ ಮುಚ್ಚಿಕೊಳ್ಳುತ್ತದೆ. ಆಗ ಪೊಟ್ಯಾಸಿಯಮ್ಮಿನ ತೂಬು ತೆರೆದು, ಪೊಟ್ಯಾಸಿಯಂ ಹೊರಹೋಗಿ, ಸ್ಥಿತಿ ಮೊದಲಿನಂತಾಗುತ್ತದೆ. ಅಷ್ಟರಲ್ಲಿ ಪಕ್ಕದ ತೂಬಿಗೆ ಆ ಪ್ರಚೋದನೆ ತಗುಲಿ ಅದೂ ತೆರೆದಿರುತ್ತದೆ.

ಬೇಸಿಗೆಯಲ್ಲಿ ಬೇಣದ ಒಣಹುಲ್ಲಿಗೆ ಕಿಡಿ ಬಿದ್ದರೆ ಏನಾಗುತ್ತದೆಂದು ನೀವು ಬಲ್ಲಿರಿ. ಒಂದು ಎಸಳಿನ ಬೆಂಕಿ ಪಕ್ಕದ ಎಸಳನ್ನು ಹೊತ್ತಿಸುತ್ತದೆ. ಬೇಣದ ಈ ತುದಿಯಲ್ಲಿ ಎಷ್ಟು ಉರಿಯಿತ್ತೋ ಆ ತುದಿಯಲ್ಲಿಯೂ ಅಷ್ಟೇ ಉರಿ. ನರದ ಸಂದೇಶವೂ ಹೀಗೆಯೇ ಹೆಜ್ಜೆ ಹೆಜ್ಜೆಗೆ ಹೊಸದಾಗಿ ಹುಟ್ಟುತ್ತ ಸಾಗುತ್ತದೆ. ದೂರ ಹೋದಂತೆಲ್ಲ ಸೊರಗುವುದಿಲ್ಲ. ವ್ಯತ್ಯಾಸವೆಂದರೆ, ಸುಟ್ಟ ಹುಲ್ಲು ಚಿಗುರಲು ಮಳೆಗಾಲ ಬರಬೇಕು. ನರತಂತು ಮಾತ್ರ ಕಣ್ಣುರೆಪ್ಪೆ ಬಡಿಯುವುದರೊಳಗೆ ಮತ್ತೆ ಸಿದ್ಧವಾಗಿರುತ್ತದೆ.

ತೂಬುಗಳಿವೆಯೆಂದು ಲೆಕ್ಕ ಹೇಳಿತು. ಆದರೆ ಆ ತೂಬನ್ನು ಮಾಡುವ ವಸ್ತು ಯಾವುದು? ಅದನ್ನು ಮಾಡಲು ಜೀವಿಗೆ ಅಪ್ಪಣೆ ಕೊಡುವ ವಂಶವಾಹಿ ಯಾವುದು? ಈ ಪ್ರಶ್ನೆಗಳು ಹಾಗೆಯೇ ಉಳಿದಿದ್ದವು. ಸಿದ್ದಿಕಿಯವರ ಕಥೆ ಇಲ್ಲಿ ಬರುತ್ತದೆ.

ಆಲಿಕಲ್ಲು ಮಳೆಯಿಂದ ಬದಲಾದ ದಾರಿ

ಒಬೈದ್ ಸಿದ್ದಿಕಿ 1932ರಲ್ಲಿ ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಲ್ಲಿ ಹುಟ್ಟಿದರು. ಆಲೀಗಢ ಮುಸ್ಲಿಂ ವಿಶ್ವವಿದ್ಯಾನಿಲಯದಲ್ಲಿ ಓದಿ, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಗೋಧಿಯ ತಳಿವಿಜ್ಞಾನದ ಕೆಲಸಕ್ಕೆ ತೊಡಗಿದರು. ಪ್ರಯೋಗದ ಬೆಳೆ ಹೊಲದಲ್ಲಿ ನಿಂತಿದ್ದಾಗ ಆಲಿಕಲ್ಲು ಮಳೆ ಸುರಿದು ಅದು ಹಾಳಾಯಿತು. ಬೆಳೆ ಕಳೆದುಕೊಂಡ ರೈತನಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. ತರುಣ ಸಿದ್ದಿಕಿ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಗಿಡೊ ಪಾಂಟೆಕಾರ್ವೊ ಎಂಬ ಹೆಸರಾಂತ ತಳಿವಿಜ್ಞಾನಿಯ ಕೈಕೆಳಗೆ ಬೂಷ್ಟಿನ ವಂಶವಾಹಿಗಳ ಮೇಲೆ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದರು. ಆಮೇಲೆ ಅಮೆರಿಕದಲ್ಲಿ ಅಲನ್ ಗಾರೆನ್ ಅವರೊಡನೆ ಬ್ಯಾಕ್ಟೀರಿಯಾಗಳ ಮೇಲೆ ಮಾಡಿದ ಕೆಲಸ ವಂಶವಾಹಿಯ ಲಿಪಿಯಲ್ಲಿನ 'ಪೂರ್ಣವಿರಾಮ'ದ ಗುರುತುಗಳನ್ನು ಅರಿಯಲು ನೆರವಾಯಿತು.

ಹೊರನಾಡಿನಲ್ಲಿಯೇ ನೆಲೆಸಲು ಅವಕಾಶವಿದ್ದರೂ ಅವರು ಹಿಂದಿರುಗಿದರು. 1962ರಲ್ಲಿ ಹೋಮಿ ಭಾಭಾ ಅವರ ಆಹ್ವಾನದ ಮೇರೆಗೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವವಿಜ್ಞಾನದ ವಿಭಾಗವನ್ನು ಕಟ್ಟಿದರು. ಭೌತವಿಜ್ಞಾನಿಗಳೂ ಗಣಿತಜ್ಞರೂ ತುಂಬಿದ್ದ ಆ ಸಂಸ್ಥೆಯಲ್ಲಿ ಜೀವವಿಜ್ಞಾನಕ್ಕೆ ಅದು ಮೊದಲ ಮನೆ.

ಬಿದ್ದ ನೊಣಗಳನ್ನು ಆಯ್ದುಕೊಳ್ಳುವುದು

1970ರ ದಶಕದಲ್ಲಿ ಸಿದ್ದಿಕಿಯವರು ಬ್ಯಾಕ್ಟೀರಿಯಾವನ್ನು ಬಿಟ್ಟು ಡ್ರೊಸೊಫಿಲಾ ಎಂಬ ನೊಣದ ಕಡೆಗೆ ತಿರುಗಿದರು. ಕಳಿತ ಬಾಳೆಹಣ್ಣಿನ ಮೇಲೆ, ಹಲಸಿನ ತೊಳೆಯ ಮೇಲೆ ಮುತ್ತುವ ಕೆಂಗಣ್ಣಿನ ಚಿಕ್ಕ ನೊಣವೇ ಇದು. ಮಾವಿನ ಕಾಯಿಗೆ ಮೊಟ್ಟೆಯಿಟ್ಟು ಬೆಳೆ ಹಾಳುಮಾಡುವ ಹಣ್ಣುನೊಣ ಬೇರೆ ಜಾತಿಯದು; ಎರಡನ್ನೂ ಒಂದೇ ಎಂದು ತಿಳಿಯಬಾರದು. ಡ್ರೊಸೊಫಿಲಾದ ಒಂದು ತಲೆಮಾರು ಸುಮಾರು ಹತ್ತು ದಿನಗಳಲ್ಲಿ ಮುಗಿಯುತ್ತದೆ. ಸಾವಿರಾರು ನೊಣಗಳನ್ನು ಗಾಜಿನ ಬಾಟಲಿಗಳಲ್ಲಿ ಸಾಕಬಹುದು. ಹೀಗಾಗಿ ವಂಶವಾಹಿಯ ಅಭ್ಯಾಸಕ್ಕೆ ಇದು ಬಹು ಅನುಕೂಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿಯೂ ಇದರ ತಳಿಗಳ ಸಂಗ್ರಹ ಕೇಂದ್ರವಿದೆ.

ನರದ ತೂಬನ್ನು ಕೆಡಿಸಿದರೆ ಜೀವಿ ಸಾಯುತ್ತದೆ. ಸತ್ತ ನೊಣದಿಂದ ಮುಂದಿನ ತಲೆಮಾರು ಬರುವುದಿಲ್ಲ, ಅಭ್ಯಾಸವೂ ಮುಂದುವರಿಯುವುದಿಲ್ಲ. ಆದ್ದರಿಂದ ವಿಜ್ಞಾನಿಗಳು ಬೇರೊಂದು ದಾರಿ ಹಿಡಿದರು. ತಣ್ಣಗಿರುವಾಗ ಸಹಜವಾಗಿದ್ದು, ಬಿಸಿ ತಾಗಿದಾಗ ಮಾತ್ರ ದೋಷ ತೋರುವ ನೊಣಗಳನ್ನು ಹುಡುಕುವುದು ಆ ದಾರಿ. ವಂಶವಾಹಿಗಳಲ್ಲಿ ಬದಲಾವಣೆ ತರುವ ರಾಸಾಯನಿಕವನ್ನು ನೊಣಗಳಿಗೆ ಉಣಿಸಿ, ಅವುಗಳ ಸಂತಾನವನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಬಿಡುವುದು. ಹಾರಾಡುವವು ಹಾರಾಡಲಿ, ದೊಪ್ಪನೆ ಬಿದ್ದವನ್ನು ಆಯ್ದುಕೊಳ್ಳುವುದು. ಹೊರಗೆ ತಣ್ಣಗಾದೊಡನೆ ಅವು ಎದ್ದು ನಡೆದಾಡಿದರೆ ಬೇಕಾದ್ದು ಸಿಕ್ಕಿತೆಂದೇ ಅರ್ಥ.

1971ರಲ್ಲಿ ಕೆನಡಾದ ಡೇವಿಡ್ ಸುಜುಕಿ ಮತ್ತು ಸಂಗಡಿಗರು ಇಂಥ ಮೊದಲ ನೊಣವನ್ನು ಕಂಡರು. ಅದು 29 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವೇ ಕ್ಷಣಗಳಲ್ಲಿ ನಿಶ್ಚೇಷ್ಟಿತವಾಗುತ್ತಿತ್ತು. ತಂಪಾದೊಡನೆ ಎದ್ದು ಓಡುತ್ತಿತ್ತು. ಅದಕ್ಕೆ 'ಪಾರಾ' ಎಂದು ಹೆಸರಾಯಿತು. ಅನಂತರ ಅದೇ ತಂಡ ಕಂಡ ಇನ್ನೊಂದಕ್ಕೆ 'ಶಿಬಿರೆ' ಎಂದು ಹೆಸರು. ಜಪಾನಿ ಭಾಷೆಯಲ್ಲಿ ಈ ಪದಕ್ಕೆ ಜೋಮು ಎಂದರ್ಥ. ಅಮೆರಿಕದ ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯಲ್ಲಿ ಸೀಮೋರ್ ಬೆಂಜರ್ ಅವರೊಡನೆ ಸೇರಿ ಸಿದ್ದಿಕಿಯವರು ಮೂರನೆಯದೊಂದನ್ನು ಗುರುತಿಸಿದರು. ಇದು ಬಿಸಿಗೆ ಬಿದ್ದರೆ ತಂಪಾದ ಮೇಲೂ ಬಹಳ ಹೊತ್ತು ಏಳುತ್ತಿರಲಿಲ್ಲ. ಈ ದೀರ್ಘ ಮೂರ್ಛೆಯಿಂದಾಗಿ ಅದಕ್ಕೆ 'ಕೋಮಟೋಸ್' ಎಂಬ ಹೆಸರು ಬಂದಿತು.

ನೊಣ ಬಿದ್ದಿತೆಂದು ಗುರುತಿಸುವುದು ಕೆಲಸದ ಆರಂಭ ಮಾತ್ರ. ಕೆಟ್ಟಿರುವುದು ಸ್ನಾಯುವೋ ನರವೋ? ನರವಾದರೆ ತಂತುವಿನ ನಡುವೆಯೋ, ನರ ಮತ್ತು ಸ್ನಾಯು ಕೂಡುವ ಸಂಧಿಯಲ್ಲೋ? ಎರಡು ಮೂರು ಮಿಲಿಮೀಟರ್ ಉದ್ದದ ನೊಣದ ಮೈಗೆ ಕೂದಲಿಗಿಂತ ತೆಳುವಾದ ವಿದ್ಯುದಗ್ರಗಳನ್ನು ಚುಚ್ಚಿ, ಪ್ರಚೋದನೆ ಕೊಟ್ಟು, ಹಾರಾಟದ ಸ್ನಾಯುಗಳಲ್ಲಿ ಬರುವ ಉತ್ತರವನ್ನು ಸಿದ್ದಿಕಿ ಮತ್ತು ಬೆಂಜರ್ ದಾಖಲಿಸಿದರು. ಈ ನೊಣಗಳಲ್ಲಿ ಕೆಟ್ಟಿದ್ದದ್ದು ಸ್ನಾಯುವಲ್ಲ, ನರದ ವಿದ್ಯುತ್ ವ್ಯವಹಾರ ಎಂಬುದು ತಿಳಿಯಿತು. 1976ರಲ್ಲಿ ಪ್ರಕಟವಾದ ಈ ಅಧ್ಯಯನ, ನರದ ಕೆಲಸವನ್ನು ವಂಶವಾಹಿಯ ಮೂಲಕ ಅರಿಯುವ ನರತಳಿವಿಜ್ಞಾನವೆಂಬ ಹೊಸ ಶಾಖೆಗೆ ತಳಹದಿ ಹಾಕಿದ ಕೃತಿಗಳಲ್ಲಿ ಒಂದು.

ಬೀಜ ಬಿತ್ತಿದ ಮೇಲೆ ಫಲಕ್ಕೆ ಕಾಯಬೇಕು. 1989ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಬ್ಯಾರಿ ಗಾನೆಟ್ಸ್ಕಿಯವರ ತಂಡ 'ಪಾರಾ' ವಂಶವಾಹಿಯನ್ನು ಬಿಡಿಸಿ ಓದಿತು. ಅದು ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಲೆಕ್ಕದಲ್ಲಿ ಕಂಡಿದ್ದ ಸೋಡಿಯಂ ತೂಬನ್ನು ಕಟ್ಟುವ ವಂಶವಾಹಿಯಾಗಿತ್ತು. 'ಕೋಮಟೋಸ್' ವಂಶವಾಹಿ, ಒಂದು ನರಕೋಶ ಇನ್ನೊಂದಕ್ಕೆ ರಾಸಾಯನಿಕ ಸುದ್ದಿ ಕಳಿಸಲು ಬೇಕಾದ ಪ್ರೋಟೀನಿನದು ಎಂದು 1990ರ ದಶಕದಲ್ಲಿ ತಿಳಿಯಿತು. ಇದೇ ಪ್ರೋಟೀನಿನ ಮೇಲೆ ಕೋಶಗಳಲ್ಲಿ ಅಧ್ಯಯನ ನಡೆಸಿದ ಜೇಮ್ಸ್ ರಾತ್‌ಮನ್ 2013ರಲ್ಲಿ ನೊಬೆಲ್ ಹಂಚಿಕೊಂಡರು. ನೊಣದಲ್ಲಿ, ಬೊಂಡಾಸಿನಲ್ಲಿ, ಮನುಷ್ಯನಲ್ಲಿ ಈ ತೂಬುಗಳ ರಚನೆ ಮೂಲತಃ ಒಂದೇ ಬಗೆಯದು ಎಂಬುದೂ ಇಂಥ ಅಧ್ಯಯನಗಳಿಂದಲೇ ಸ್ಪಷ್ಟವಾಯಿತು.

ಸಿದ್ದಿಕಿಯವರು ಮುಂಬಯಿಯಲ್ಲಿ ತಮ್ಮ ವಿದ್ಯಾರ್ಥಿನಿ ವೆರೋನಿಕಾ ರಾಡ್ರಿಗಸ್ ಅವರೊಡನೆ ನೊಣದ ವಾಸನೆ ಮತ್ತು ರುಚಿಯ ವಂಶವಾಹಿಗಳ ಅಧ್ಯಯನವನ್ನು ಮುಂದುವರಿಸಿದರು. 1990ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿ ಅದರ ಮೊದಲ ನಿರ್ದೇಶಕರಾದರು. ಆ ಕೇಂದ್ರ ನೆಲೆಸಿರುವುದು ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ. ಗೋಧಿಯ ಹೊಲದಿಂದ ಹೊರಟ ವಿಜ್ಞಾನಿ ಕೊನೆಗೆ ರಾಗಿಯ ಹೊಲಗಳ ನೆರೆಗೆ ಬಂದು ಸೇರಿದರು. ನಿರ್ದೇಶಕ ಪದವಿಯಿಂದ ಇಳಿದ ಮೇಲೂ ಅಲ್ಲಿಯೇ ನೊಣಗಳ ಜೊತೆ ಕೆಲಸ ಮಾಡುತ್ತಿದ್ದರು. 2006ರಲ್ಲಿ ಪದ್ಮವಿಭೂಷಣ ಬಂದಿತು. 2013ರ ಜುಲೈನಲ್ಲಿ ರಸ್ತೆ ಅಪಘಾತದಲ್ಲಿ ಗಾಯಗೊಂಡು, ಆ ತಿಂಗಳ 26ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಬಾಟಲಿಯೊಳಗಿನ ವಿಷ ಹೋಗಿ ಮುಟ್ಟುವುದೆಲ್ಲಿ?

ಈಗ ನಮ್ಮ ಹೊಲಕ್ಕೆ ಬರೋಣ. ಡಿಡಿಟಿಯ ಕೀಟನಾಶಕ ಗುಣವನ್ನು ಸ್ವಿಟ್ಜರ್ಲೆಂಡಿನ ಪೌಲ್ ಮುಲ್ಲರ್ 1939ರಲ್ಲಿ ಕಂಡುಹಿಡಿದರು. ಸೇವಂತಿಗೆಯ ಬಳಗಕ್ಕೆ ಸೇರಿದ ಪೈರೆತ್ರಮ್ ಹೂವಿನ ಸಾರವನ್ನು ಅನುಕರಿಸಿ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಫೆನ್ವಲರೇಟ್ ಮೊದಲಾದವುಗಳನ್ನು ಅನಂತರ ತಯಾರಿಸಲಾಯಿತು. ಇವೆಲ್ಲವೂ ಮುಖ್ಯವಾಗಿ ಎರಗುವುದು ಅದೇ 'ಪಾರಾ' ತೂಬಿನ ಮೇಲೆ. ತೆರೆದ ತೂಬು ಮುಚ್ಚಿಕೊಳ್ಳದಂತೆ ಇವು ಅಡ್ಡಗಟ್ಟುತ್ತವೆ. ಸೋಡಿಯಂ ನುಗ್ಗುತ್ತಲೇ ಇರುತ್ತದೆ, ನರ ಒಂದೇ ಸಮನೆ ಮಿಡಿಯುತ್ತದೆ, ಕೀಟ ನಡುಗಿ ಬೀಳುತ್ತದೆ. ಬಿಸಿಗೆ ಬಿದ್ದ ಪಾರಾ ನೊಣದಲ್ಲಿ ನರ ಸುಮ್ಮನಾಗಿರುತ್ತದೆ. ವಿಷಕ್ಕೆ ಬಿದ್ದ ನೊಣದಲ್ಲಿ ನರ ಮೊದಲು ಹುಚ್ಚೆದ್ದಿರುತ್ತದೆ. ತೂಬು ಮಾತ್ರ ಅದೇ.

ಸೈಪರ್‌ಮೆಥ್ರಿನ್ ಹೊಡೆದ ದಿನ ಮುಖ, ಕೆನ್ನೆ, ತುಟಿಯ ಸುತ್ತ ಚುರುಚುರು ಎನ್ನುವುದು ಹಲವರ ಅನುಭವ. ಬಿಸಿಲಿಗೆ ಹಾಗಾಯಿತೆಂದು ಸುಮ್ಮನಾಗುವವರಿದ್ದಾರೆ. ಅದು ಚರ್ಮದೊಳಗಿನ ನರತಂತುಗಳ ತೂಬು ಮುಚ್ಚಲಾರದೆ ಮಿಡಿಯುತ್ತಿರುವುದರ ಲಕ್ಷಣ. ಈ ಗುಂಪಿನ ವಿಷವನ್ನು ಮನುಷ್ಯನ ಯಕೃತ್ತು ಬೇಗ ಒಡೆದುಹಾಕುತ್ತದೆ, ನಮ್ಮ ತೂಬು ಕೀಟದ ತೂಬಿನಷ್ಟು ಸುಲಭವಾಗಿ ಸಿಕ್ಕಿಬೀಳುವುದಿಲ್ಲ ಎಂಬುದು ನಿಜ. ಆದರೆ ಹಳ್ಳದ ಮೀನಿಗೆ ಆ ಸೌಕರ್ಯವಿಲ್ಲ. ಅತ್ಯಲ್ಪ ಪ್ರಮಾಣವೂ ಮೀನಿಗೆ ಮಾರಕ, ಜೇನಿಗೂ ಹಾಗೆಯೇ. ಗುಡ್ಡದ ಮೇಲಿನ ತೋಟದಲ್ಲಿ ಪಂಪು ತೊಳೆದ ನೀರು ಮೊದಲು ಸೇರುವುದು ಕೆಳಗಿನ ಹಳ್ಳವನ್ನೇ.

ಎಲ್ಲ ವಿಷಗಳೂ ಒಂದೇ ಕಡೆ ಕೆಲಸ ಮಾಡುವುದಿಲ್ಲ. ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್‌ನಂಥವು ನರಗಳು ಕೂಡುವ ಸಂಧಿಯಲ್ಲಿ ಸುದ್ದಿಯನ್ನು ಅಳಿಸುವ ಕಿಣ್ವವನ್ನು ತಡೆಯುತ್ತವೆ. ಎಂಡೋಸಲ್ಫಾನ್ ನರವನ್ನು ಶಾಂತಗೊಳಿಸುವ ಇನ್ನೊಂದು ಬಗೆಯ ತೂಬನ್ನು ಮುಚ್ಚುತ್ತದೆ. ಕಾಸರಗೋಡಿನ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕಗಳ ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಸುರಿದದ್ದು ಇದನ್ನೇ. ಎಣ್ಮಕಜೆ, ಪಡ್ರೆಯ ಕನ್ನಡ ಮನೆಗಳೂ ಅದರ ಕೆಳಗಿದ್ದವು. ಅಲ್ಲಿಯ ಮಕ್ಕಳ ನರಸಂಬಂಧಿ ಕಾಯಿಲೆಗಳನ್ನು ಮೊದಲು ಎತ್ತಿ ಹೇಳಿದವರು ಊರಿನ ವೈದ್ಯರು ಮತ್ತು ಪತ್ರಕರ್ತರು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಅದನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ಪರಿಹಾರ ಕೊಡುವಂತೆ ಆದೇಶಿಸಿತು.

ಇನ್ನೊಂದು ಮಾತು. ಕೀಟವೂ ತನ್ನ ತೂಬನ್ನು ಬದಲಿಸಿಕೊಳ್ಳುತ್ತದೆ. ಡಿಡಿಟಿಗೆ ಬೀಳದ ಮನೆನೊಣಗಳನ್ನು 1950ರ ದಶಕದ ಆರಂಭದಲ್ಲಿಯೇ ಗುರುತಿಸಲಾಗಿತ್ತು. ಅವುಗಳ ಗುಟ್ಟು ಬಯಲಾದದ್ದು 1990ರ ದಶಕದಲ್ಲಿ, 'ಪಾರಾ' ವಂಶವಾಹಿ ತಿಳಿದ ಮೇಲೆ. ಸೋಡಿಯಂ ತೂಬಿನ ಒಂದೆರಡು ಇಟ್ಟಿಗೆ ಬದಲಾದರೆ ಸಾಕು, ವಿಷ ಅಲ್ಲಿ ಕೂರುವುದಿಲ್ಲ. ಒಂದೇ ಔಷಧಿಯನ್ನು ವರ್ಷವರ್ಷವೂ ಹೊಡೆದರೆ, ಪ್ರಯೋಗಶಾಲೆಯಲ್ಲಿ ವಿಜ್ಞಾನಿ ಬಿದ್ದ ನೊಣಗಳನ್ನು ಆಯ್ದಂತೆ, ಹೊಲದಲ್ಲಿ ರೈತ ತನಗರಿವಿಲ್ಲದೆ ಬೀಳದ ಹುಳುಗಳನ್ನು ಆಯ್ದು ಸಾಕಿದಂತಾಗುತ್ತದೆ. ಭತ್ತದಲ್ಲಿ ಕಂದು ಜಿಗಿಹುಳುವಿಗೆಂದು ಸೈಪರ್‌ಮೆಥ್ರಿನ್ ಗುಂಪಿನ ಔಷಧಿ ಹೊಡೆದಾಗ ಅದನ್ನು ತಿನ್ನುವ ಜೇಡಗಳು ಸತ್ತು, ಜಿಗಿಹುಳು ಇಮ್ಮಡಿಯಾಗಿ ಮರಳುವುದೂ ಕೃಷಿ ವಿಜ್ಞಾನಿಗಳು ಬಲ್ಲ ಸಂಗತಿಯೇ.

ತಿಳಿದ ಮೇಲೆ ಮಾಡಬೇಕಾದದ್ದು

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಶಿಲೀಂಧ್ರನಾಶಕ, ಅದು ನರವಿಷವಲ್ಲ. ಅದಕ್ಕೆ ರೂಢಿಯಾದ ಕೈ ಕೀಟನಾಶಕವನ್ನೂ ಅದೇ ಸಲುಗೆಯಿಂದ ಬೆರೆಸುತ್ತದೆ. ಅಪಾಯ ಇರುವುದು ಇಲ್ಲಿ. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನು ಮನೆಯ ಮಕ್ಕಳಿಂದಲಾದರೂ ಓದಿಸಬೇಕು. ಕೆಂಪು ಅತ್ಯಂತ ವಿಷ. ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಹಸಿರೆಂದರೆ ನಿರಪಾಯವೆಂದಲ್ಲ. ಬರಿಗೈಯಲ್ಲಿ ಕಲಸಬಾರದು, ಗಾಳಿಗೆ ಎದುರಾಗಿ ಹೊಡೆಯಬಾರದು, ಹಳ್ಳದ ದಂಡೆಯಲ್ಲಿ ಪಂಪು ತೊಳೆಯಬಾರದು. ಯಾರಾದರೂ ಅಸ್ವಸ್ಥರಾದರೆ ಆ ಬಾಟಲಿಯನ್ನೇ ಆಸ್ಪತ್ರೆಗೆ ಒಯ್ಯಬೇಕು. ಸಂಧಿಯ ಕಿಣ್ವವನ್ನು ತಡೆಯುವ ವಿಷಕ್ಕೆ ಅಟ್ರೊಪಿನ್ ಎಂಬ ಪ್ರತಿವಿಷವಿದೆ. ತೂಬನ್ನು ಹಿಡಿಯುವ ವಿಷಕ್ಕೆ ಅಂಥ ನಿರ್ದಿಷ್ಟ ಪ್ರತಿವಿಷವಿಲ್ಲ, ಚಿಕಿತ್ಸೆಯ ಕ್ರಮವೇ ಬೇರೆ. ಯಾವ ವಿಷವೆಂದು ವೈದ್ಯರಿಗೆ ತಿಳಿಯದೆ ಹೋದ ಪ್ರತಿ ನಿಮಿಷವೂ ನಷ್ಟವೇ.

ಈ ಮಾತು ಗುಡ್ಡದ ಊರುಗಳಿಗಷ್ಟೇ ಅಲ್ಲ. ಘಟ್ಟದ ಮೇಲಿನ ಕಾಫಿ ತೋಟದಲ್ಲಾಗಲಿ, ಜಮಖಂಡಿ ತಾಲೂಕಿನ ಹುನ್ನೂರಿನ ಹೊಲದಲ್ಲಾಗಲಿ, ಬೆನ್ನಿಗೆ ಪಂಪು ಕಟ್ಟಿಕೊಂಡು ನಿಲ್ಲುವವನ ಚರ್ಮದ ಕೆಳಗಿರುವುದು ಒಂದೇ ಬಗೆಯ ನರ.

ವಿದ್ಯಾರ್ಥಿಗಳಿಗೆ ಒಂದು ಕಿವಿಮಾತು. ನೊಣ ಬಿಸಿಗೆ ಏಕೆ ಬೀಳುತ್ತದೆ ಎಂದು ಸಿದ್ದಿಕಿಯವರು ಕೇಳಿದಾಗ ಅದರಿಂದ ರೈತನಿಗೇನು ಪ್ರಯೋಜನವೆಂದು ಯಾರೂ ಹೇಳಲಾರದವರಾಗಿದ್ದರು. ಆ ಪ್ರಶ್ನೆಯ ಉತ್ತರ ಇಂದು ನಮ್ಮ ಮುಖದ ಉರಿಯನ್ನೂ, ಹಳ್ಳದಲ್ಲಿ ತೇಲುವ ಸತ್ತ ಮೀನನ್ನೂ, ಸಾಯದ ಹುಳುವನ್ನೂ ವಿವರಿಸುತ್ತಿದೆ. ಇಂದು ಸಂಜೆ ಮನೆಗೆ ಹೋದಾಗ ಹಣ್ಣಿನ ಬುಟ್ಟಿಯ ಮೇಲೆ ಹಾರಾಡುವ ಆ ಪುಟ್ಟ ನೊಣವನ್ನು ಒಂದು ಕ್ಷಣ ನಿಂತು ನೋಡಿ. ಆಮೇಲೆ ಕೊಟ್ಟಿಗೆಯ ಅಟ್ಟದ ಮೇಲಿರುವ ಬಾಟಲಿಗಳ ಚೀಟಿಯನ್ನು ಓದಿ, ಅದರಲ್ಲಿರುವುದನ್ನು ಮನೆಯ ಹಿರಿಯರಿಗೆ ತಿಳಿಸಿ.